ಸೋಮವಾರದ ಮೊಟ್ಟೆ

ಮೊನ್ನೆ ಎಸ್.ಎಸ್. ಬಡಾವಣೆಯ ನಾದಿನಿ ಮನೆಗೆ ಹೋದಾಗ, ಅವಳು ಮಗಳ ತಲೆಯ ಹೇನಿಗೆಂದು ಬೇವಿನೆಣ್ಣೆಗೆ ಕರ್ಪೂರ ಪುಡಿಮಾಡಿ ಕಲಸುತ್ತಿದ್ದಳು. ಬರೀ ಕರ್ಪೂರವಾದರೆ ನನಗೆ ದೇವರ ಮನೆ ನೆನಪಾಗುತ್ತದೆ. ಬೇವಿನೆಣ್ಣೆ ಸೇರಿತೆಂದರೆ ಹರಿಹರದ ನಾಯಿ ಬೋರ್ಡಿಂಗಿನಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರು ಬಂದು ನಿಲ್ಲುತ್ತಾಳೆ. ಉಣ್ಣಿಹುಳ ಹತ್ತದಿರಲೆಂದು ಅಲ್ಲಿಯ ನಾಯಿಗಳಿಗೆಲ್ಲ ಆಕೆ ಅದನ್ನೇ ಹಚ್ಚುತ್ತಿದ್ದಳು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನ್ನದು ಇನ್ನೂ ಹೋಗಿಲ್ಲ.

ಆಗ ನಾವು ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರನ್ನು ಅವರ ಕಾರ್ಖಾನೆಯವರು ಎರಡು ವರ್ಷಕ್ಕೆ ಜರ್ಮನಿಗೆ ಕಳಿಸುವುದೆಂದಾಯಿತು. ನಾನೂ ಹೊರಡಬೇಕು. ಗುಂಡನನ್ನು ಬಿಟ್ಟು ಬರುವುದಿಲ್ಲ ಎಂದೆ. ಗುಂಡ ನಮ್ಮ ನಾಯಿ, ಆವರಗೆರೆ ಕಡೆಯಿಂದ ಯಜಮಾನರು ತಂದ ಮರಿ. ಮಡಿ ಹಾಳಾಗುತ್ತದೆಂದು ಮೊದಲು ಅದನ್ನು ಹಿತ್ತಲಿಗೆ ಅಟ್ಟಿದವಳು ನಾನೇ. ಆದರೆ ನಾನು ಪೂಜೆಗೆ ಕೂತರೆ ಅದು ದೇವರ ಮನೆಯ ಹೊಸ್ತಿಲಾಚೆ ಮುಂಗಾಲ ಮೇಲೆ ಮುಖವಿಟ್ಟು ಮಂಗಳಾರತಿಯವರೆಗೂ ಕಾಯುತ್ತಿತ್ತು. ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಅಂಥದ್ದನ್ನು ಯಾರ ಕೈಗೆ ಕೊಡುವುದು…

ನಾಯಿಯನ್ನು ವಿಮಾನದಲ್ಲಿ ಕಳಿಸುವ ಕಾಗದಪತ್ರ ಬಲ್ಲವರು ನಮ್ಮ ಕಡೆ ಇದ್ದದ್ದು ಆಕೆಯೊಬ್ಬಳೇ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಹರಿಹರದಲ್ಲಿ ಹೊಳೆ ಕಡೆಯ ತನ್ನ ಮನೆಯಲ್ಲೇ ಊರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಳ್ಳುತ್ತಿದ್ದಳು. ಒಂಟಿ ಜೀವ. ಮಾತೆಂದರೆ ಕತ್ತಾಳೆ ಮುಳ್ಳು. ಮೊದಲ ದಿನವೇ ಗುಂಡನ ಪಕ್ಕೆಲುಬು ಮುಟ್ಟಿ ನೋಡಿ, ಏನು ಹಾಕುತ್ತೀರಿ ಎಂದು ಕೇಳಿದಳು. ಹಾಲನ್ನ, ಸೋಮವಾರ ಮಾತ್ರ ನನ್ನ ಜೊತೆ ಉಪವಾಸ, ಸಂಜೆ ಒಂದಿಷ್ಟು ಮಂಡಕ್ಕಿ ಎಂದೆ. "ಅದೇನು ಹರಕೆ ಹೊತ್ತೈತೇನ್ರಿ ನಿಮ್ಮ ನಾಯಿ?" ಅಂದಳು. ಅಲ್ಲಿದ್ದವರೆಲ್ಲ ನಕ್ಕರು. ಅವತ್ತೇ ನನಗೂ ಆಕೆಗೂ ಮುರಿಯಿತು.

ಆಕೆ ಹೇಳಿದ ಕ್ರಮ ಸರಳವಿತ್ತು. ಮೊದಲು ನಾಯಿಯ ಕತ್ತಿನ ಚರ್ಮದೊಳಗೆ ಗುರುತಿನ ನಂಬರಿರುವ, ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು ಹಾಕಿಸಬೇಕು, ಆಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ತಿಂಗಳು ಬಿಟ್ಟು ರಕ್ತಪರೀಕ್ಷೆ, ಅಲ್ಲಿಂದ ಮೂರು ತಿಂಗಳು ಕಾಯುವುದು. ನಮ್ಮ ಟಿಕೆಟ್ ದಿನಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಆದರೆ ದಾವಣಗೆರೆಯ ಡಾಕ್ಟರು ಚಿಪ್ಪಿಗೆ ಬರಹೇಳಿದ ದಿನ ಅಮಾವಾಸ್ಯೆ. ಅಂಥ ದಿನ ಮೈಯೊಳಗೆ ಹೊಸದೊಂದು ವಸ್ತು ಸೇರಿಸುವುದುಂಟೇ? ಒಂದು ಕೆಲಸವಾದರೂ ಮುಗಿಯಲೆಂದು ಹಿಂದಿನ ದಿನವೇ ಚುಚ್ಚುಮದ್ದು ಹಾಕಿಸಿದೆ, ಅಮಾವಾಸ್ಯೆ ಕಳೆದ ಮೇಲೆ ಚಿಪ್ಪು. ಗುಂಡನ ಚುಚ್ಚುಮದ್ದಿನ ಕಾರ್ಡನ್ನು ನಮ್ಮ ಪಾಸ್‌ಪೋರ್ಟುಗಳ ಜೊತೆ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ.

ತಿಂಗಳು ಕಳೆದು ರಕ್ತ ತೆಗೆಸುವ ದಿನ ಅದೇ ಕಾರ್ಡನ್ನು ಆಕೆಯ ಕೈಗೆ ಕೊಟ್ಟೆ. ಕುಂಕುಮ ಒರೆಸಿ ತಾರೀಕು ನೋಡಿದಳು. ಮುಖ ಬದಲಾಯಿತು. ಚಿಪ್ಪಿಗಿಂತ ಮೊದಲು ಹಾಕಿಸಿದ ಚುಚ್ಚುಮದ್ದು ಲೆಕ್ಕಕ್ಕಿಲ್ಲವಂತೆ. ಮತ್ತೆ ಮೊದಲಿನಿಂದ ಎಲ್ಲ ಆಗಬೇಕು, ಅಷ್ಟರಲ್ಲಿ ನಮ್ಮ ವಿಮಾನ ಹೋಗಿರುತ್ತದೆ.

ನಾನು ಕೈಮುಗಿದೆ. ಅರ್ಜಿಯಲ್ಲಿ ಚಿಪ್ಪಿನ ತಾರೀಕು ಎರಡು ದಿನ ಹಿಂದಕ್ಕೆ ಬರೆದುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದೆ.

"ಅಮಾಸಿಗೆ ಹೆದರ್ತೀರಿ. ಸುಳ್ಳಿಗೆ ಹೆದರಂಗಿಲ್ಲ ಹೌದಿಲ್ರಿ?" ಅಂದಳು.

ಬಸ್ಸಿನಲ್ಲಿ ದಾವಣಗೆರೆಯವರೆಗೂ ಕಿಟಕಿಗೆ ಮುಖ ಮಾಡಿ ಅತ್ತೆ. ಕಿಟಕಿ ಸೀಟು ಸಿಕ್ಕಿತ್ತು, ಅಷ್ಟರಮಟ್ಟಿಗೆ ದೇವರು ಮಾನ ಕಾಯ್ದ.

ಗುಂಡನನ್ನು ಆಕೆಯಲ್ಲೇ ಬಿಟ್ಟು ಹೊರಟೆವು. ಕಾಗದ ಸರಿಯಾದ ಮೇಲೆ ಕಳಿಸುತ್ತೇನೆ, ಅಲ್ಲಿಯವರೆಗೆ ವಿಮಾನದ ಪೆಟ್ಟಿಗೆಯಲ್ಲಿ ಮಲಗುವ ರೂಢಿ ಮಾಡಿಸುತ್ತೇನೆ ಎಂದಿದ್ದಳು. ಜರ್ಮನಿಯಲ್ಲಿ ಗುಂಡನಿಗೆಂದು ಹಾಸಿಗೆ ತಂದಿಟ್ಟೆ, ತಟ್ಟೆ ತಂದಿಟ್ಟೆ. ತಿಂಗಳುಗಳು ಕಳೆದು ಕಾಗದವೆಲ್ಲ ಸರಿಯಾಯಿತು. ಆಮೇಲೆ ಆಕೆಯ ಫೋನು ಬಂತು. ಗುಂಡ ಪೆಟ್ಟಿಗೆಯೊಳಗೆ ಕಾಲಿಡುತ್ತಿಲ್ಲ, ತುರುಕಿದರೆ ಎದೆಯೊಡೆದು ಸಾಯುತ್ತದೆ, ಕಳಿಸುವುದಿಲ್ಲ ಎಂದಳು. ನಾನು ಎಷ್ಟು ಬೈದರೂ ಕೇಳಿಸಿಕೊಂಡಳು. ಆಗಲೇ ಅನುಮಾನ ಬರಬೇಕಿತ್ತು, ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸಲ್ಲ ಅದು.

ಎರಡು ವರ್ಷ ಮುಗಿಸಿ ಬಂದ ಮರುದಿನವೇ ಹರಿಹರಕ್ಕೆ ಹೋದೆ. ಗೇಟು ತೆರೆದೇ ಇತ್ತು. ಪಡಸಾಲೆಯ ಮೂಲೆಯಲ್ಲಿ ವಿಮಾನದ ಪೆಟ್ಟಿಗೆ. ಅದರೊಳಗೆ, ಆಕೆಯ ಹಳೇ ಸೀರೆಯ ಮೇಲೆ, ಗುಂಡ ಕಾಲು ಚಾಚಿ ಮಲಗಿತ್ತು.

ನಾನು ಪೆಟ್ಟಿಗೆಯನ್ನೂ ಆಕೆಯನ್ನೂ ನೋಡಿದೆ. ಸುಳ್ಳಿಗೆ ಹೆದರಬೇಕೆಂದು ಪಾಠ ಹೇಳಿದವರು ನೀವೇ ಅಲ್ಲವೇ ಎಂದೆ. ಆ ಮಾತನ್ನು ನಾನು ಎಷ್ಟು ಸವಿದು ಆಡಿದೆನೆಂದು ಈಗಲೂ ನೆನಪಿದೆ.

ಆಕೆ ಎಣ್ಣೆಗೈಯನ್ನು ಸೆರಗಿಗೆ ಒರೆಸುತ್ತ ನಿಂತಳು. "ಇಷ್ಟು ವರ್ಷ ಬ್ಯಾರೇರ ನಾಯಿ ನೋಡ್ಕೊಂಡು, ಹೊಳ್ಳಿ ಕೊಟ್ಟು, ಇದೇ ಆತ್ರಿ. ಇದೊಂದು ಇರಲಿ ಅನ್ನಿಸ್ತು," ಅಂದಳು.

ನನಗೆ ಒಂದಿಷ್ಟೂ ಕರುಣೆ ಬರಲಿಲ್ಲ. ಹಗ್ಗ ಕೇಳಿದೆ, ಕೊಟ್ಟಳು. ಗುಂಡ ನನ್ನ ಕೈ ಮೂಸಿತು, ಬಾಲ ಅಲ್ಲಾಡಿಸಿತು, ಮತ್ತೆ ಹಿಂದಿರುಗಿ ಆಕೆಯನ್ನು ನೋಡಿತು. ಎಳೆದುಕೊಂಡೇ ಆಟೋ ಹತ್ತಿಸಿದೆ. ಆಕೆ ಗೇಟಿನವರೆಗೆ ಬರಲಿಲ್ಲ. ಒಳಗಿಂದಲೇ, "ಸೋಮಾರ ಉಪಾಸ ಕೆಡವಬ್ಯಾಡ್ರಿ ಅದನ್ನ. ಒಂದು ಮೊಟ್ಟೆ ಹಾಕ್ರಿ," ಎಂದದ್ದು ಕೇಳಿಸಿತು.

ಹಟಕ್ಕೆ ಎರಡು ಸೋಮವಾರ ಮಂಡಕ್ಕಿಯನ್ನೇ ಹಾಕಿದೆ. ಗುಂಡ ಮೂಸಿ ಸರಿದು ಹೋಯಿತು. ಮೂರನೆಯ ಸೋಮವಾರ ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಮೂಗಿಗೆ ಸೆರಗು ಹಿಡಿದು, ಮೊಟ್ಟೆ ಬೇಯಿಸಿದೆ.

ಆಮೇಲೆ ನಾಲ್ಕು ವರ್ಷ ಬದುಕಿತ್ತು. ನರಳದೆ, ಹೊಸ್ತಿಲಾಚೆ ಮಲಗಿದಲ್ಲೇ ಹೋಯಿತು. ಅಷ್ಟನ್ನು ದೇವರು ನಡೆಸಿಕೊಟ್ಟ. ಹರಿಹರಕ್ಕೆ ಹೇಳಿ ಕಳಿಸಬೇಕೆಂದು ಯಜಮಾನರು ಅಂದರು. ನಾನು ಬೇಡವೆಂದೆ. ಆಕೆ ತೀರಿಕೊಂಡ ಸುದ್ದಿ ಬಂದದ್ದು ಕಳೆದ ವರ್ಷ. ಬೋರ್ಡಿಂಗನ್ನು ಮೊದಲೇ ಮುಚ್ಚಿದ್ದಳಂತೆ… ನಾನು ಗುಂಡನನ್ನು ಕರೆತಂದ ಕೆಲವೇ ತಿಂಗಳಿಗೆ. ಪಡಸಾಲೆಯ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಎತ್ತಗೊಡಲಿಲ್ಲವಂತೆ.

ನನ್ನ ನಾಯಿ, ನಾನು ಕರೆತಂದೆ. ಅದರಲ್ಲಿ ತಪ್ಪಿಲ್ಲ. ದೇವರ ಮುಂದೆಯೂ ಹಾಗೇ ಹೇಳುತ್ತೇನೆ. ಗುಂಡ ಹೋದ ಸುದ್ದಿ ತಿಳಿಸದೆ ಇದ್ದದ್ದಕ್ಕೆ ಮಾತ್ರ ಏನು ಹೇಳುವುದೋ ಗೊತ್ತಿಲ್ಲ.

ಇವತ್ತು ಸೋಮವಾರ. ನನ್ನ ಉಪವಾಸ. ಓಣಿಯ ಕುಂಟು ನಾಯಿ ಆಗಲೇ ಹಿತ್ತಲ ಬಾಗಿಲಿಗೆ ಬಂದು ಕೂತಿದೆ. ಪುಣ್ಯಕ್ಕೆ ಮೊಟ್ಟೆ ಹಾಕುತ್ತೀರೇನು ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಪುಣ್ಯವೂ ಅಲ್ಲ, ಮಣ್ಣೂ ಅಲ್ಲ. ಹಾಕದಿದ್ದರೆ ಆಕೆ ಏನನ್ನುತ್ತಾಳೋ ಎಂಬ ಹೆದರಿಕೆ. ಒಲೆ ಹೊತ್ತಿಸಲು ಏಳಬೇಕು.