ಹುಳುವಿಗೂ ಪಥ್ಯ, ಅತ್ತೆಗೂ ಪಥ್ಯ

ಎರೆಹುಳು ಸಾಕೋಣವೆಂದು ಹಟ ಹಿಡಿದವರು ನಮ್ಮ ಅತ್ತೆ. ಚಿಕ್ಕಲಸಂದ್ರದ ನಮ್ಮ ಮನೆ ನಿಂತಿರುವುದೇ ಅವರು ರಾಗಿ ಕೊಯ್ದ ಹೊಲದಲ್ಲಿ. ಆ ಮಣ್ಣೆಲ್ಲ ಸಿಮೆಂಟಿನ ಕೆಳಗೆ ಹೋಗಿತ್ತು. ಹುಳುಗಳನ್ನು ನಾನು ನರ್ಸರಿಯಿಂದ ತಂದೆ. "ಆಗ ಗುದ್ದಲಿ ಹಾಕಿದ್ರೆ ಕಾಲಿಗೆ ಸುತ್ಕೊಳ್ಳವು. ಈಗ ಅಂಗಡೀಲಿ ಮಾರ್ತಾರಾ, ಕರ್ಮ" ಎಂದರು ಅತ್ತೆ.

ಬಕೆಟ್ಟಿಗೆ ಕಾಯಿಸಿದ ಮೊಳೆಯಿಂದ ತೂತು ಹಾಕಿದೆವು. ತಳಕ್ಕೆ ತೆಂಗಿನ ನಾರು, ಮೇಲೆ ನೆನೆಸಿ ಹಿಂಡಿದ ಹಳೇ ಪೇಪರ್, ಆಮೇಲೆ ಹುಳು, ತರಕಾರಿ ಸಿಪ್ಪೆ. ಅಡುಗೆಮನೆಯ ಹಿಂದೆ, ಅತ್ತೆಯ ಕೋಣೆಯ ಬಾಗಿಲ ಪಕ್ಕ ಇಟ್ಟೆವು. ಉಪ್ಪು ತಾಗಿದರೆ ಸಾಯುತ್ತವೆ ಎಂದು ನರ್ಸರಿಯವನು ಹೇಳಿದ್ದ. ಬಿಪಿಗೆಂದು ಡಾಕ್ಟರು ಅತ್ತೆಗೂ ಉಪ್ಪು ನಿಲ್ಲಿಸಿದ್ದರು. ಸಾರಿಗೆ ಉಪ್ಪು ಹಾಕುವ ಮೊದಲೇ ಅವರ ಪಾಲು ತೆಗೆದಿಡುತ್ತಿದ್ದೆ.

"ನಂಗೂ ಪಥ್ಯ, ಇವಕ್ಕೂ ಪಥ್ಯ. ಸತ್ತ ಮೇಲಾದ್ರೂ ನನ್ನ ಎಡೆಗೆ ಕೈತುಂಬ ಉಪ್ಪು ಹಾಕೇ" ಎನ್ನುತ್ತಿದ್ದರು. "ಬಿಡ್ತು ಅನ್ನಿ" ಎಂದು ನಾನು ರೇಗುತ್ತಿದ್ದೆ.

ಅವರು ಹೋದರು. ಮಹಾಲಯ ಅಮಾವಾಸ್ಯೆ ಬಂತು. ಮುದ್ದೆ, ನಾಟಿಕೋಳಿ, ಅವರಿಗೆ ಪ್ರಾಣವಾಗಿದ್ದ ಉಪ್ಪುಸಾರು ಮಾಡಿದೆ. ಕೇಳಿದ್ದಂತೆ ಧಾರಾಳವಾಗಿ ಉಪ್ಪು. ಸತ್ತವರು ಬಂದು ಉಣ್ಣಲೆಂದು ಅವರ ಕೋಣೆಯಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂತೆವು. ಆಮೇಲೆ ಎಲೆಯನ್ನು ಟೆರೇಸಿನಲ್ಲಿ ಕಾಗೆಗೆ ಇಟ್ಟೆವು. ಸಂಜೆಯಾದರೂ ಒಂದು ಕಾಗೆಯೂ ಮುಟ್ಟಲಿಲ್ಲ.

"ಅಮ್ಮಂಗೆ ಏನೋ ಕೊರಗು ಉಳ್ದಿದೆ" ಎಂದು ಗಂಡ ಮಂಕಾದರು. ಎಡೆಯನ್ನು ಕಸದ ಆಟೋಗೆ ಹಾಕುವಂತಿಲ್ಲ. ಕೋಳಿ ಬೆರೆತದ್ದನ್ನು ಹಸುವಿಗೂ ಕೊಡುವಂತಿಲ್ಲ. ಇವರು ನನಗೊಂದು ಮಾತು ಹೇಳದೆ ಎಲ್ಲವನ್ನೂ ಹುಳುವಿನ ಬಕೆಟ್ಟಿಗೆ ಸುರಿದುಬಿಟ್ಟರು.

ಬೆಳಿಗ್ಗೆ ಎದ್ದು ನೋಡಿದರೆ, ಹುಳುಗಳೆಲ್ಲ ತೂತುಗಳಿಂದ ಹೊರಬಿದ್ದು ಅತ್ತೆಯ ಕೋಣೆಯತ್ತ ಹರಿದಿದ್ದವು. ಮುಚ್ಚಿದ ಬಾಗಿಲ ಸಂದಿಯಲ್ಲಿ ಒಂದೊಂದೇ ಒಳಗೆ ನುಸುಳುತ್ತಿದ್ದವು. ಒಳಗಿನ ತೇವಕ್ಕೆ, ಕತ್ತಲೆಗೆ ಹೋಗಿರಬೇಕು ಎಂದು ಈಗ ಹೇಳಬಲ್ಲೆ. ಆಗ ಆ ಬಾಗಿಲು ತಳ್ಳುವ ಧೈರ್ಯ ಬರಲಿಲ್ಲ.

"ಏನ್ರೀ ಮಾಡಿದ್ರಿ?"

"ಅಮ್ಮ ಸಾಕಿದ ಹುಳ ತಾನೇ, ಅವಾದ್ರೂ ತಿನ್ಲಿ ಅಂತ."

"ಅವರ ಕೈಯಲ್ಲಿ ಬೆಳೆದದ್ದು ಅಂತ ಉಳಿದಿದ್ದು ಅದೊಂದೇ. ಅದನ್ನೂ ಉಪ್ಪು ಸುರಿದು ಕೊಂದ್ರಲ್ಲ."

ಬಯ್ಯುತ್ತಲೇ ಬದುಕಿದ್ದವನ್ನು ಆಯ್ದು ಹೊಸ ನಾರಿಗೆ ಬಿಟ್ಟೆ. ಒಂದು ಬೊಗಸೆಯಷ್ಟು ಉಳಿದವು. ಎಷ್ಟೋ ತಿಂಗಳು ಆ ಕೋಣೆಗೆ ಹೋಗುವಾಗ, ಒಳಗೆ ಯಾರೋ ಇರುವಂತೆ, ಕೆಮ್ಮಿಯೇ ಬಾಗಿಲು ತೆರೆಯುತ್ತಿದ್ದೆ.

ಮರುವರ್ಷ ಎಡೆಯ ಅಡುಗೆಗೆ ಉಪ್ಪು ಹಾಕಲಿಲ್ಲ. ಕಾಗೆಯಂತೂ ಬರುವುದಿಲ್ಲ, ಇವರು ಮತ್ತೆ ಬಕೆಟ್ಟಿಗೆ ಸುರಿದರೆ ಹುಳುಗಳಾದರೂ ಬದುಕಲಿ ಎಂದುಕೊಂಡೆ. ಎಲೆ ಇಟ್ಟು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಕಾಗೆ ಬಂತು. ಮುದ್ದೆ ಕುಕ್ಕಿತು, ಸಪ್ಪೆ ಸಾರಿನಲ್ಲಿ ಕೊಕ್ಕು ಅದ್ದಿತು.

"ನೋಡು, ಅಮ್ಮ ತೃಪ್ತಿಯಾಗಿ ಉಣ್ತಿದಾಳೆ" ಎಂದು ಗಂಡ ಕೈಮುಗಿದರು.

ಸತ್ತ ಮೇಲೂ ಸಪ್ಪೆಯನ್ನೇ ಉಣ್ಣುತ್ತಿದ್ದಾರಲ್ಲ ಎಂದುಕೊಳ್ಳುತ್ತಲೇ ನಾನೂ ಕೈಮುಗಿದೆ. ಅದಕ್ಕೆ ಉಪ್ಪು ಹಾಕಿಲ್ಲವೆಂದು ಇವರಿಗೆ ಹೇಳಲಿಲ್ಲ.