ಸೋದರಮಾವನಿಗೊಂದು ಸಾಲು

ಬೆಳಗಿನ ಆರು ಗಂಟೆ. ದೇರೆಬೈಲಿನ ಬಾಡಿಗೆ ಮನೆಯ ಜಗಲಿಯಲ್ಲಿ ಹೇಮಾಕ್ಷಿ ಮದುವೆಯ ಆಮಂತ್ರಣದ ಕಾಗದ ಬರೆಯುತ್ತಿದ್ದಾರೆ. ಚಪ್ಪಟೆ ಮೊನೆಯ ಪೆನ್ನು, ಕಪ್ಪು ಶಾಯಿ, ಪಕ್ಕದಲ್ಲಿ ಮರೆತುಹೋದ ಚಾ. ಟ್ಯೂಬ್‌ಲೈಟಿನ ಕೆಳಗೆ ಬರೆದ ‘ಶ್ರೀ’ಗೆ ರಕ್ತಹೀನತೆ ಬಂದಂತೆ ಕಾಣುತ್ತದೆ ಎಂಬುದು ಅವರ ದೂರು. ಹಾಗಾಗಿ ಬೆಳಗಿನ ಬೆಳಕಿಗೇ ಕೆಲಸ.

ಹೇಮಾಕ್ಷಿಗೆ ಐವತ್ತೊಂಬತ್ತು. ಗಂಡ ತೀರಿಕೊಂಡ ವರ್ಷ ಹಿಡಿದ ಪೆನ್ನು ಇದು. ಮೂವತ್ತೊಂದು ವರ್ಷದಿಂದ ಹಂಪನಕಟ್ಟೆಯ ಕಾರ್ಡಿನಂಗಡಿಗೆ ಬರೆದು ಕೊಡುತ್ತಾರೆ. ಅವರ ಕೈಬರಹವೇ ಅಚ್ಚಾಗುತ್ತದೆ. ವಾರಕ್ಕೆ ಹನ್ನೆರಡು ಇದ್ದ ಕಾಗದ ಈಗ ಮೂರು. “ಕಂಪ್ಯೂಟರಿಗೆ ಬೆನ್ನುನೋವಿಲ್ಲ. ತಿರುಗಿ ಮಾತಾಡುವುದೂ ಇಲ್ಲ. ಜನರಿಗೆ ಅದೇ ಒಳ್ಳೆಯದು,” ಎನ್ನುತ್ತಾರೆ.

ತಿರುಗಿ ಮಾತಾಡುವುದು ಹೇಮಾಕ್ಷಿಯ ಕಸುಬಿನ ಅರ್ಧ ಪಾಲು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ, ಕಾಗದದಲ್ಲಿ ಜನರನ್ನು ಕರೆಯುವವರ ಪಟ್ಟಿಗೆ ಸೋದರಮಾವನೇ ತಲೆ. ಅಕ್ಷರ ಸೊಟ್ಟಗಾದರೆ ಕ್ಷಮೆಯುಂಟು, ಮಾವನ ಹೆಸರು ಬಿಟ್ಟರೆ ಊಟದ ಪಂಕ್ತಿಯಲ್ಲೇ ವಿಚಾರಣೆ. ಅಂಥ ಮನೆಯವರು ಜಗಳದ ಮೇಲೆ ಹೆಸರು ಬೇಡವೆಂದರೆ ಹೇಮಾಕ್ಷಿ ಒಡನೆ ವಾದಿಸುವುದಿಲ್ಲ. ಮೇಲೆ ಒಂದು ಸಾಲು ಖಾಲಿ ಬಿಟ್ಟು ಉಳಿದದ್ದು ಬರೆಯುತ್ತಾರೆ.

ಇವತ್ತಿನ ಕಾಗದವೂ ಅಂಥದ್ದೇ. ಒಂಬತ್ತಕ್ಕೆ ಪ್ರೆಸ್ಸಿಗೆ ಹೋಗಬೇಕು. ಎಂಟಕ್ಕೆ ಮದುಮಗಳು ತೃಷಾಳ ತಾಯಿ ಜಯ ನೋಡಲು ಬರುತ್ತಾರೆ. ತಮ್ಮ ಮನೆಯ ಗೇಟು ಯಾವ ದಿಕ್ಕಿಗಿರಬೇಕು ಎಂಬ ವಿಷಯಕ್ಕೆ ಜಯ ಅಣ್ಣ ದುಗ್ಗಪ್ಪನೊಡನೆ ಮಾತು ಬಿಟ್ಟು ಆರು ವರ್ಷ. ಅಣ್ಣ ಇರುವುದು ಇಲ್ಲೇ ಅತ್ತಾವರದಲ್ಲಿ.

“ಇದೆಂತ ಹೇಮಕ್ಕ, ಇಲ್ಲಿ ಖಾಲಿ?” ಎಂಟಕ್ಕೆ ಬಂದ ಜಯ ಕಾಗದದ ಮೇಲಿನ ಸಾಲಿಗೆ ಬೆರಳಿಡುತ್ತಾರೆ.

“ಖಾಲಿ ಅಲ್ಲ ಮಾರಾಯ್ತಿ. ಅಲ್ಲಿ ಯಾರೋ ಇನ್ನೂ ಬಂದಿಲ್ಲ.”

“ಬೇಕಾದ್ರೆ ಅವನೇ ಫೋನು ಮಾಡ್ಲಿ.”

“ಮದುವೆ ನಿನ್ನ ಮಗಳದ್ದು. ಕರೆಯುವವರು ಯಾರು, ನೀನಾ ಅವರಾ?”

ಜಯ ಗೋಡೆ ನೋಡುತ್ತಾರೆ, ಗಡಿಯಾರ ನೋಡುತ್ತಾರೆ. ಎಂಟೂವರೆಗೆ ಫೋನು ಹೊರಬರುತ್ತದೆ.

“ಅಣ್ಣ, ನಾನು. ತೃಷಾನ ಮದುವೆ. ಕಾಗದದಲ್ಲಿ ನಿನ್ನ ಹೆಸರು ಹಾಕ್ಬೇಕಾ ಬೇಡ್ವಾ, ಬೇಗ ಹೇಳು.”

ಆ ಕಡೆಯಿಂದ ಇಡೀ ಜಗಲಿಗೆ ಕೇಳುವ ದನಿ: “ಹಾಕದೆ ಮತ್ತೆ? ಜನರನ್ನು ನಿನ್ನ ಗೇಟು ಕರೀತದಾ?”

ಹೇಮಾಕ್ಷಿ ಆಗಲೇ ಪೆನ್ನು ಅದ್ದಿದ್ದಾರೆ. ಜಯ ಸೆರಗಿನಲ್ಲಿ ಮೂಗೊರೆಸಿಕೊಂಡು, “ಸ್ವಲ್ಪ ದಪ್ಪಕ್ಕೇ ಬರೆಯಿರಿ ಹೇಮಕ್ಕ, ಅವನಿಗೆ ಕನ್ನಡಕ ಉಂಟು,” ಎನ್ನುತ್ತಾರೆ.

ಎಲ್ಲ ಸಾಲಿಗೂ ಈ ಭಾಗ್ಯವಿಲ್ಲ. ಕಳೆದ ವರ್ಷ ಒಂಬತ್ತು ಖಾಲಿ ಬಿಟ್ಟಿದ್ದರು, ತುಂಬಿದ್ದು ನಾಲ್ಕು. ಉಳಿದ ಐದು?

“ಪ್ರೆಸ್ಸಿನವ ಕಾಯ್ತಾನಾ? ಮಲ್ಲಿಗೆ ಬಳ್ಳಿ ಬರೆದು ಮುಚ್ಚಿದೆ. ನೋಡಿದವರೆಲ್ಲ ‘ಚಂದ ಉಂಟು’ ಅಂತಾರೆ,” ಎನ್ನುತ್ತಾ ಹೇಮಾಕ್ಷಿ ಹಸಿ ಶಾಯಿಗೆ ಮೆಲ್ಲಗೆ ಊದುತ್ತಾರೆ. “ಈ ವರ್ಷ ಆ ಬಳ್ಳಿ ಬರೆಯುವ ಕೆಲಸ ಸ್ವಲ್ಪ ಕಡಿಮೆ ಆದ್ರೆ ಸಾಕು.”