ಕಂಪ್ಲಿ ಮೇಸ್ತ್ರಿಯ ಮೂರು ಗೆರೆ

ಹೊಸಪೇಟೆಯಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ಆದರೆ ಊರಿನವರು ನನ್ನನ್ನು ಗುರುತಿಸುವುದು ಅಂಗಡಿಯಿಂದಲ್ಲ, 'ಕರಿ ಚೆಂಡಿನ ಮನೋಹರ' ಎಂಬ ಅಡ್ಡಹೆಸರಿನಿಂದ. ಗಣಿ ಜೋರಾಗಿದ್ದ ಕಾಲದಲ್ಲಿ ನಮ್ಮೂರಲ್ಲಿ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ತೂತಿಗೆ ಬೀಳಿಸುವ ಪೂಲ್ ಆಟದ ಕ್ಲಬ್ ಗಲ್ಲಿಗೊಂದು ಹುಟ್ಟಿಕೊಂಡಿತ್ತು. 2009ರಲ್ಲಿ ಅಂಥದೊಂದು ಕ್ಲಬ್ಬಿನ ಫೈನಲ್‌ನಲ್ಲಿ ನನ್ನ ಚೆಂಡುಗಳೆಲ್ಲ ಒಳಗೆ ಹೋಗಿ, ಕೊನೆಯ ಕರಿ ಚೆಂಡು ಮಾತ್ರ ಉಳಿದಿತ್ತು. ಅದೂ ತೂತಿನ ಬಾಯಲ್ಲೇ ಕೂತಿತ್ತು, ಉಫ್ ಅಂದರೆ ಬೀಳಬೇಕು. ನಾನು ಹೊಡೆದೆ, ಬೀಳಲಿಲ್ಲ. ಎದುರಾಳಿ ರಾಯಣ್ಣ ಕಪ್ ಎತ್ತಿಕೊಂಡು ಹೋದ. ಚಡ್ಡಿ ಹಾಕುವ ಕಾಲದಿಂದ ಅವನು ನನ್ನ ಗೆಳೆಯ. ಆಮೇಲೆ ಅವನ ಜೊತೆ ಮಾತು ಕಡಿಮೆಯಾಯಿತು, ಆಟ ನಿಂತೇ ಹೋಯಿತು.

ಅಂದು ನನ್ನ ಕೈಯಲ್ಲಿದ್ದದ್ದು ಕಂಪ್ಲಿ ಮೇಸ್ತ್ರಿಯ ಕೋಲು. ಸಂಡೂರಿನ ಗಣಿ ಕಂಪನಿಗಳ ಗೆಸ್ಟ್ ಹೌಸ್‌ಗಳಿಗೆಂದು ಕಂಪ್ಲಿ ಕಡೆಯ ಯಾರೋ ಬಡಗಿ ಕೈಯಲ್ಲೇ ಮಾಡಿಕೊಟ್ಟ ಕೋಲುಗಳವು. ಹೆಸರಿಲ್ಲ, ಮುದ್ರೆಯಿಲ್ಲ. ಆದರೂ ಒಮ್ಮೆ ಹಿಡಿದವನು ಕಾರ್ಖಾನೆಯ ಕೋಲನ್ನು ಮತ್ತೆ ಮುಟ್ಟಲಾರ. ಈಗ ಬೆಂಗಳೂರು, ಹೈದರಾಬಾದಿನ ಶೋಕಿಲಾಲರು ಅವನ್ನು ಹುಡುಕಿಕೊಂಡು ಬರುತ್ತಾರೆ. ಆಟ ಬಿಟ್ಟ ನನಗೂ ಅದೇ ಹುಚ್ಚು ಹಿಡಿದು, ಎಲ್ಲೆಲ್ಲಿ ಯಾವ ಕೋಲು ಇದೆ ಎಂದು ಒಂದು ಪಟ್ಟಿ ಮಾಡುತ್ತ ಬಂದೆ. ಮೂವತ್ತೊಂದು ಸಿಕ್ಕವು. ಅದರಲ್ಲಿ ಏಳಕ್ಕೆ ಮಾತ್ರ ಹಿಡಿಯ ಕೆಳಗೆ, ಪಾಲಿಶ್‌ನ ಒಳಗೆ, ಬೂದಿ ಬಣ್ಣದ ಮೂರು ಗೆರೆ. ತನಗೇ ಮೆಚ್ಚಿಗೆಯಾದ ಕೋಲಿಗೆ ಮಾತ್ರ ಮೇಸ್ತ್ರಿ ಆ ಗೆರೆ ಎಳೆಯುತ್ತಿದ್ದ ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ನಾನೂ ಹತ್ತು ಜನಕ್ಕೆ ಹಾಗೆಯೇ ಹೇಳಿದ್ದೆ.

ನನ್ನ ಕೋಲಿಗೂ ಮೂರು ಗೆರೆ ಇದೆ. ನನ್ನ ಸಂಕಟವೆಲ್ಲ ಇದ್ದದ್ದು ಅಲ್ಲೇ. ಜಿಲ್ಲೆಗೇ ಒಳ್ಳೆಯ ಕೋಲು, ತೂತಿನ ಬಾಯಲ್ಲಿ ಚೆಂಡು, ಆದರೂ ತಪ್ಪಿತೆಂದರೆ ತಪ್ಪು ಯಾರದು? ಕುಣಿಯಲಾರದವನಿಗೆ ಅಂಗಳ ಡೊಂಕು ಎನ್ನಲೂ ನನಗೆ ದಾರಿ ಇರಲಿಲ್ಲ. ಹದಿನಾರು ವರ್ಷ ಈ ಬಲಗೈಯನ್ನು ಬೈಯುತ್ತಲೇ ಬದುಕಿದೆ.

ಮೇಸ್ತ್ರಿ ಯಾವಾಗಲೋ ತೀರಿಕೊಂಡಿರಬೇಕು ಎಂದೇ ಎಲ್ಲರೂ ತಿಳಿದಿದ್ದರು. ಹೋದ ವರ್ಷ ಸಂಡೂರಿನಲ್ಲಿ ಎರ್ರಿಯಪ್ಪ ಎಂಬ ಹಳೆಯ ಗೆಸ್ಟ್ ಹೌಸ್ ಅಡುಗೆಯವನು ಸಿಕ್ಕ. "ಸತ್ತಿಲ್ರೀ ಅವ. ಬಡಿಗೇರ ವಿರುಪಾಕ್ಷಪ್ಪ ಅಂತ. ಕಂಪ್ಲಿಯಾಗ ರೈಸ್ ಮಿಲ್ಲಿನ ಹಿಂದ ಮನಿ. ಕೋಲು ಕೊಡಾಕ ಬಂದ್ರ ನನ್ನ ಅಡಗಿ ಮನ್ಯಾಗ ಕುಂತು ರೊಟ್ಟಿ ತಿಂದು ಹೋಗ್ತಿದ್ದ, ಆಟದ ರೂಮಿಗೆ ಒಂದ್ಸಲನೂ ಕಾಲಿಡಲಿಲ್ಲ" ಎಂದ. ಮರುದಿನವೇ ಕೋಲನ್ನು ಚೀಲದಲ್ಲಿ ಹಾಕಿಕೊಂಡು ಕಂಪ್ಲಿ ಬಸ್ಸು ಹತ್ತಿದೆ.

ವಿರುಪಾಕ್ಷಪ್ಪನವರಿಗೆ ಈಗ ಎಪ್ಪತ್ತೆಂಟು. ಸಣಕಲು ಆಳು, ಕೈಗಳು ಮಾತ್ರ ಬೇರೆ ಯಾವನೋ ದೊಡ್ಡ ಆಳಿನಿಂದ ತಂದು ಜೋಡಿಸಿದ ಹಾಗಿವೆ. "ಬರ್ರಿ, ಕುಂದ್ರಿ" ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಅವರ ಹೆಂಡತಿ ಚೆನ್ನಬಸಮ್ಮ ಒಳಗಿನಿಂದಲೇ "ಚಾ ಇಡ್ಲೇನು?" ಎಂದು ಕೇಳಿ, ಉತ್ತರ ಬರುವ ಮೊದಲೇ ಇಟ್ಟರು.

ಅವರ ತಂದೆ ಚಕ್ಕಡಿ ಮಾಡುವ ಬಡಗಿ. ಟ್ರ್ಯಾಕ್ಟರ್ ಬಂದು ಚಕ್ಕಡಿ ಮೂಲೆ ಸೇರಿದ ಮೇಲೆ ಮಗ ರೈಸ್ ಮಿಲ್ಲಿನಲ್ಲಿ ಜರಡಿಯ ಚೌಕಟ್ಟು ರಿಪೇರಿ ಮಾಡಿಕೊಂಡಿದ್ದರು. ಒಮ್ಮೆ ಸಂಡೂರಿನ ಗೆಸ್ಟ್ ಹೌಸಿಗೆ ಬಾಗಿಲು ಕೂಡಿಸಲು ಹೋದಾಗ, ಮ್ಯಾನೇಜರ್ ಮುರಿದ ವಿಲಾಯತಿ ಕೋಲೊಂದನ್ನು ತಂದು, ಇದಕ್ಕೇನಾದರೂ ಮಾಡು ಎಂದನಂತೆ. ಇವರು ಮನೆಗೆ ತಂದು ಪೂರ್ತಿ ಸೀಳಿ ನೋಡಿದರು. ಹಿಡಿಯ ಕರಿ ಮರದ ನಾಲ್ಕು ಮೊನೆಗಳು ಬಿಳಿ ಮರದ ಒಳಗೆ ಹೋಗಿ ಕೂತಿದ್ದವು, ಒಂದು ಮೊಳೆಯೂ ಇಲ್ಲ. "ಮೂರು ದಿನ ನಿದ್ದಿ ಬರಲಿಲ್ಲರಿ. ಬ್ಯಾರೆ ದೇಶದಾಗೂ ನಮ್ಮಂತಾ ಬಡಿಗೇರು ಅದಾರಲ್ಲ ಅಂತ ಖುಷಿ ಆತು" ಎಂದರು.

ಆ ವಿಲಾಯತಿ ಮರ ಇಲ್ಲಿ ಎಲ್ಲಿ ಸಿಗಬೇಕು? ಕೆಡವಿದ ಹಳೆ ಮನೆಗಳ ತೇಗದ ತೊಲೆ ತಂದು ಉದ್ದಕ್ಕೆ ಸೀಳಿದರು. ಹಿಡಿಗೆ ಮೂಲೆ ಸೇರಿದ ಚಕ್ಕಡಿಗಳಿಂದ ತೆಗೆದ ಕಮರ, ಕಪ್ಪಗಿನ ಗಟ್ಟಿ ಮರ. ಸೀಳಿದ ಕೋಲುಗಳನ್ನು ದಾರ ಕಟ್ಟಿ ಜಂತಿಗೆ ಎರಡು ಮಳೆಗಾಲ ತೂಗುಬಿಡುತ್ತಿದ್ದರು. ನೆಟ್ಟಗೆ ಉಳಿದದ್ದು ಸಂಡೂರಿಗೆ, ಬಾಗಿದ್ದು ಚೆನ್ನಬಸಮ್ಮನವರಿಗೆ ಬಟ್ಟೆ ಒಣಹಾಕಲು. "ಊರಿಗೆಲ್ಲ ಹಂಚಿದ್ರೂ ಮುಗೀಲಿಲ್ಲ ಆ ಕೋಲು. ನನ್ನ ಹಿತ್ತಲದಾಗ ಇದ್ದಷ್ಟು ಕೋಲು ಸಂಡೂರಿನಾಗೂ ಇಲ್ಲ" ಎಂದು ಆಯಮ್ಮ ಚಹಾ ಇಟ್ಟು ಹೋದರು. ನಾನು ನಕ್ಕೆ, ಮೇಸ್ತ್ರಿ ನಗಲಿಲ್ಲ. ಬಾಗಿದ ಕೋಲು ಅವರಿಗೆ ನಗುವ ವಿಷಯವಲ್ಲ ಎಂದು ಆಗ ತಿಳಿಯಿತು.

ಕೊನೆಗೆ ಕೇಳಿದೆ. "ಮೇಸ್ತ್ರಿ, ಕೆಲವಕ್ಕೆ ಮೂರು ಗೆರಿ ಎಳದೀರಲ್ಲ, ಅವು ನಿಮ್ಮ ಮೆಚ್ಚಿನವು ಹೌದಲ್ರಿ?"

ಅವರು ಕಪ್ ಕೆಳಗಿಟ್ಟರು. "ಮೆಚ್ಚಿನವು ಅಂತ ಯಾರು ಹೇಳಿದ್ರಿ? ಅದು ಈಬತ್ತಿ, ಹಣಿಗೆ ಹಚ್ಚತೀವಲ್ಲ ಆ ವಿಭೂತಿ. ಕೆಲಸದಾಗ ನನ್ನ ಕೈ ತಪ್ಪಿದ್ರ ಅದಕ್ಕ ಹಚ್ಚತಿದ್ದೆ. ನಮ್ಮಪ್ಪ ಹಂಗ ಮಾಡ್ತಿದ್ದ. ಗಾಲಿಯಾಗ ಏನರ ತಪ್ಪು ಆದ್ರ, ಮರ ಬಿಸಾಕಾಕ ಆಗಂಗಿಲ್ಲ, ಅದಕ್ಕ ಗಾಲಿ ನಡುವಿನ ಗುಂಬಕ್ಕ ಈಬತ್ತಿ ಹಚ್ಚಿ ಶಿವನೇ ನೀನ ನೋಡಿಕೋ ಅಂತ ಹೇಳಿ, ರೈತಗೂ ಹೇಳಿ ಕೊಡ್ತಿದ್ದ. ನಾನೂ ಸಂಡೂರಿನ ಮ್ಯಾನೇಜರಗ ಹೇಳಿದೆ. ಅವ ಕೇಳಿಸಿಕೊಳ್ಳಲೇ ಇಲ್ಲ. ಇದು ಚಂದ ಐತಿ, ಎಲ್ಲಾದಕ್ಕೂ ಹಾಕು ಅಂದ. ತಪ್ಪು ಇಲ್ಲದ ಕೋಲಿಗೆ ಹೆಂಗ ಹಾಕಲಿ ಹೇಳ್ರಿ?"

ಹಾಗಾದರೆ ಅವತ್ತಿನ ತಪ್ಪು ಕೋಲಿನದು! ಪಟ್ಟಿ ಹಾಳಾಗಿ ಹೋಗಲಿ, ಉಳಿದ ಆರು ಜನ ನನ್ನನ್ನು ಬೈಯಲಿ, ನನ್ನ ಕೈ ಗೆದ್ದಿತು! ಎದ್ದು ಬೀದಿಗೆ ಬಂದು ರಾಯಣ್ಣನಿಗೆ ಫೋನ್ ಮಾಡಿದೆ. "ಲೇ ರಾಯಣ್ಣ, ಅವತ್ತು ನನ್ನ ಕೋಲಿನಾಗ ದೋಷ ಇತ್ತಂತಲೇ! ಮಾಡಿದ ಮೇಸ್ತ್ರಿನ ಹೇಳ್ಯಾನ!"

ಅವನು ವಾದ ಮಾಡಲಿಲ್ಲ. "ಹೌದೇನಲೇ? ಹಂಗಾದ್ರ ಆ ಕಪ್ ನಿಂದ ಬಿಡು. ನನಗೂ ಅದು ಯಾವತ್ತೂ ಖುಷಿ ಕೊಡಲಿಲ್ಲ. ಸಂಜಿಗೆ ಅಂಗಡಿಗೆ ತಂದು ಕೊಡ್ತೀನಿ" ಎಂದ. ಇಷ್ಟು ಸಲೀಸಾಗಿ ಕೊಡುತ್ತಾನೆಂದು ನಾನು ಎಣಿಸಿರಲಿಲ್ಲ.

ಮೀಸೆ ತಿರುವುತ್ತ ಒಳಗೆ ಬಂದರೆ ಮೇಸ್ತ್ರಿ ನನ್ನ ಚೀಲ ಬಿಚ್ಚಿ ಕೋಲು ಹೊರಗೆ ತೆಗೆದಿದ್ದರು. ಇಪ್ಪತ್ತು ವರ್ಷದ ಮೇಲೆ ನೋಡುತ್ತಿದ್ದರೂ ಅವರಿಗೆ ಗುರುತು ಹತ್ತಲು ಗಳಿಗೆಯೂ ಬೇಕಾಗಲಿಲ್ಲ. ಹೆಬ್ಬೆರಳಿನಿಂದ ಕರಿ ಮೊನೆಗಳನ್ನು ಒಂದೊಂದಾಗಿ ತಡವಿದರು. "ಹಾಂ, ಇದು. ನೋಡ್ರಿ, ಈ ಒಂದು ಮೊನಿ ಅಕ್ಕಿ ಕಾಳಿನಷ್ಟು ಗಿಡ್ಡ ಐತಿ."

"ಅದರಿಂದನ ಚೆಂಡು ದಿಕ್ಕು ತಪ್ಪಿತ್ರಿ ಮೇಸ್ತ್ರಿ" ಎಂದು ಕರಿ ಚೆಂಡಿನ ಕಥೆಯನ್ನು ಗಡಬಡಿಸಿ ಹೇಳಿದೆ. ಅವರು ಆಟವನ್ನು ಒಮ್ಮೆಯೂ ನೋಡಿದವರಲ್ಲ. ಹೇಗೆ ಹಿಡಿಯುತ್ತಾರೆ, ಎಲ್ಲಿ ಹೊಡೆಯುತ್ತಾರೆ ಎಂದು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಕಟ್ಟೆಯ ನುಣುಪು ಕಲ್ಲಿನ ಮೇಲೆ ಕೋಲಿಟ್ಟು, ತಲೆ ಬಗ್ಗಿಸಿ ಕಲ್ಲಿನ ಮಟ್ಟಕ್ಕೆ ಕಣ್ಣು ತಂದರು. ನನ್ನನ್ನೂ ಹಾಗೇ ಬಗ್ಗಿಸಿದರು. "ಉರುಳಿಸ್ತೀನಿ. ಕೋಲು ಬಾಗಿದ್ರ ಕೆಳಗಿನ ಬೆಳಕು ಕುಣೀತೈತಿ."

ಕುಣಿಯಲಿ ದೇವರೇ ಎಂದು ಬೇಡಿಕೊಂಡೆ. ಕೋಲು ಉರುಳಿತು. ಕೆಳಗಿನ ಬೆಳಕಿನ ಗೆರೆ ಅಲ್ಲಾಡಲಿಲ್ಲ. "ಇನ್ನೊಮ್ಮೆ ಉರುಳಿಸ್ರಿ" ಎಂದೆ. ಉರುಳಿಸಿದರು. ಮೂರನೆಯ ಸಲ ಕೇಳಲು ನನಗೇ ನಾಚಿಕೆಯಾಯಿತು.

"ನೆಟ್ಟಗ ಐತ್ರಿ. ಮೊನಿ ಗಿಡ್ಡ ಆದದ್ದು ನೋಡಾಕ ಅಷ್ಟ ತಪ್ಪು, ಆಡಾಕ ಅಲ್ಲ. ನಿಮಗ ಖುಷಿ ಆಗ್ಲಿ ಅಂತ ಸುಳ್ಳು ಹೇಳಬೌದಿತ್ತು. ಆದ್ರ ಕೋಲಿನ ವಿಷಯದಾಗ ಹೆಂಗ ಹೇಳಲಿ?"

"ಮತ್ತ ಈ ಮೊನಿ ಯಾಕ ಗಿಡ್ಡ ಆತು?" ಎಂದೆ. ಸಿಟ್ಟು ಬಂದಿತ್ತು. "ಅವತ್ತು ಮೈಯಾಗ ಆರಾಮ ಇರಲಿಲ್ಲೇನು? ಮನ್ಯಾಗ ಏನರ ಆಗಿತ್ತೇನು?"

"ಏನೂ ಆಗಿರಲಿಲ್ಲ. ಆರಾಮ ಇದ್ದೆ, ಉಣ್ಣೋದು ಉಂಡಿದ್ದೆ, ಉಳಿಯೂ ಹರಿತ ಇತ್ತು. ಕೈ ತಪ್ಪಿತು, ಅಷ್ಟ" ಎಂದರು. ಗಿಡ್ಡ ಮೊನೆಯನ್ನು ಮತ್ತೊಮ್ಮೆ ತಡವಿ, "ಮರುದಿನ ಇನ್ನೊಂದು ಮಾಡಿದೆ. ಅದು ಚಲೋ ಬಂತು" ಎಂದರು.

ಕೋಲನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿ ಚೀಲದಲ್ಲಿಟ್ಟು ಕೊಟ್ಟರು. ಗೆರೆಯ ಕೋಲಿರುವ ಉಳಿದ ಆರೂ ಜನಕ್ಕೆ ನಿಜ ಹೇಳಿರಿ, ಹಿಂದೆ ತಾವು ಮ್ಯಾನೇಜರನಿಗೆ ಒಮ್ಮೆ ಹೇಳಿ ಸುಮ್ಮನಾದದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು ಎಂದರು. ಹೇಳುತ್ತೇನೆಂದು ಮಾತು ಕೊಟ್ಟು ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಹೊಸಪೇಟೆ ಬಸ್ಸು ನಿಂತಿತ್ತು, ಹತ್ತಲಿಲ್ಲ. ಸುಮ್ಮನಿದ್ದರೆ ಸಂಜೆಗೆ ಕಪ್ ಅಂಗಡಿಗೆ ಬರುತ್ತದೆ. ವಿರುಪಾಕ್ಷಪ್ಪನವರು ಹೊಸಪೇಟೆಗೆ ಬಂದು ಯಾರಿಗೂ ಹೇಳುವವರಲ್ಲ. ಹೀಗೆಲ್ಲ ಲೆಕ್ಕ ಹಾಕಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ನಿಜ. ಬಸ್ಸು ಹೋಯಿತು. ಫೋನ್ ಮಾಡಿದೆ.

"ರಾಯಣ್ಣ, ಕಪ್ ತರಬ್ಯಾಡ. ಕೋಲು ನೆಟ್ಟಗ ಐತಿ. ನನ್ನ ಕೈ ತಪ್ಪಿತ್ತು."

"ಅಷ್ಟ ಹೌದಲ್ಲೋ?" ಎಂದ ಅವನು. "ಎಲ್ಲಾರ ಕೈ ತಪ್ಪತೈತಿ. ಕೈ ತಪ್ಪಿದವ ಮತ್ತ ಆಡಬಾರದು ಅಂತ ನಿನಗ ಯಾರು ಹೇಳಿದ್ರಲೇ?"

ಯಾರು ಹೇಳಿದ್ದರು ಎಂದು ನಿಂತಲ್ಲೇ ನೆನಪು ಮಾಡಿಕೊಂಡೆ. ಹದಿನಾರು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.